ಒಂದು ಮತ, ಎರಡು ಸೆಕೆಂಡು, ಎರಡು ಅಂಕಿ: 1999ರ ಲೆಕ್ಕಾಚಾರ

1999 ಎಂದೊಡನೆ ಬಹಳ ಜನರಿಗೆ ನೆನಪಾಗುವುದು ಕಾರ್ಗಿಲ್. ಕ್ರಿಕೆಟ್ ಹುಚ್ಚಿನವರಿಗೆ ಕುಂಬ್ಳೆಯ ಹತ್ತು ವಿಕೆಟ್, ಬಳ್ಳಾರಿಯವರಿಗೆ ಸೋನಿಯಾ–ಸುಷ್ಮಾ ಹಣಾಹಣಿ, ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ವೈಟುಕೆ, ಅಂದರೆ 2000ನೆಯ ಇಸವಿ ತಂದ ಕಂಪ್ಯೂಟರ್ ತೊಡಕು. ಆ ವರ್ಷ ಹುಟ್ಟಿದವರಿಗೆ ಈಗ ಮನೆಯಲ್ಲಿ ಹೆಣ್ಣು, ಗಂಡು ನೋಡುತ್ತಿದ್ದಾರೆ. ‘ಒಂದೇ ಮತದಿಂದ ಸರ್ಕಾರ ಬಿತ್ತಂತೆ’, ‘ಬಂದ ಕರೆ ಎತ್ತಿದರೂ ದುಡ್ಡು ಕೊಡಬೇಕಿತ್ತಂತೆ’, ‘ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆ ಎಂದು ಜಗತ್ತೇ ಹೆದರಿತ್ತಂತೆ’ ಎಂದು ಎಲ್ಲವೂ ಅವರಿಗೆ ಅಂತೆಕಂತೆಯಾಗಿಯೇ ತಲುಪಿದೆ.

ಅಂತೆಕಂತೆಯಲ್ಲಿ ಕಳೆದುಹೋಗುವುದು ಕಾರಣ. ಆ ವರ್ಷದ ಸುದ್ದಿಗಳೆಲ್ಲ ದೊಡ್ಡವು, ನಿಜ. ಆದರೆ ಅವು ತಿರುಗಿದ್ದು ತೀರಾ ಸಣ್ಣ ಸಂಖ್ಯೆಗಳ ಮೇಲೆ, ಯಾರೂ ಓದದ ನಿಯಮಗಳ ಮೇಲೆ. ಆ ನಿಯಮಗಳನ್ನು ಹಿಡಿದು ನೋಡಿದರೆ ಕಾಕತಾಳೀಯದಂತೆ ಕಾಣುವ ಎಷ್ಟೋ ಸಂಗತಿಗಳು ಲೆಕ್ಕಕ್ಕೆ ಸಿಗುತ್ತವೆ.

269 ಮತ್ತು 270

1998ರ ಚುನಾವಣೆಯ ನಂತರ ಅಟಲ್ ಬಿಹಾರಿ ವಾಜಪೇಯಿ ಅವರು ನಡೆಸುತ್ತಿದ್ದುದು ಹಲವು ಪಕ್ಷಗಳ ಆಸರೆಯ ಸರ್ಕಾರ. ಅದರಲ್ಲಿ ಜಯಲಲಿತಾ ಅವರ ಅಣ್ಣಾ ಡಿಎಂಕೆಯ 18 ಸದಸ್ಯರು ಇದ್ದರು. 1999ರ ಏಪ್ರಿಲ್ ಮಧ್ಯದಲ್ಲಿ ಆ ಪಕ್ಷ ಬೆಂಬಲ ಹಿಂತೆಗೆದುಕೊಂಡಿತು. ಬಹುಮತ ಇದೆಯೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾದ ಜಾಗ ಲೋಕಸಭೆಯೇ. ಏಕೆಂದರೆ ಸಂವಿಧಾನದ ಪ್ರಕಾರ ಮಂತ್ರಿಮಂಡಲ ಒಟ್ಟಾಗಿ ಹೊಣೆಯಾಗಿರುವುದು ಲೋಕಸಭೆಗೆ. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ವಿಶ್ವಾಸಮತ ಪಡೆಯುವಂತೆ ಪ್ರಧಾನಿಗೆ ಹೇಳಿದರು. ಏಪ್ರಿಲ್ 17ರಂದು ಮತ ಎಣಿಸಿದಾಗ ಸರ್ಕಾರದ ಪರ 269, ವಿರುದ್ಧ 270.

ಆ ಒಂದು ಮತ ಯಾರದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೆಚ್ಚು ಬೈಗುಳ ತಿಂದವರು ಗಿರಿಧರ್ ಗಮಾಂಗ್. ಅವರು ಫೆಬ್ರವರಿಯಲ್ಲೇ ಒಡಿಶಾದ ಮುಖ್ಯಮಂತ್ರಿಯಾಗಿದ್ದರು, ಆದರೆ ಲೋಕಸಭಾ ಸದಸ್ಯತ್ವ ಬಿಟ್ಟಿರಲಿಲ್ಲ. ಒಂದು ರಾಜ್ಯದ ಮುಖ್ಯಮಂತ್ರಿ ದೆಹಲಿಗೆ ಬಂದು ಕೇಂದ್ರ ಸರ್ಕಾರವನ್ನು ಬೀಳಿಸುವುದು ಎಲ್ಲಿಯ ನ್ಯಾಯ ಎಂದು ಜನ ಕೇಳಿದರು. ನ್ಯಾಯದ ಮಾತು ಬೇರೆ, ನಿಯಮ ಮಾತ್ರ ಅವರ ಕಡೆಗಿತ್ತು. ಶಾಸಕನಲ್ಲದ ವ್ಯಕ್ತಿಯೂ ಆರು ತಿಂಗಳ ಮಟ್ಟಿಗೆ ರಾಜ್ಯದಲ್ಲಿ ಮಂತ್ರಿಯಾಗಿರಬಹುದು ಎನ್ನುತ್ತದೆ ಸಂವಿಧಾನದ 164ನೆಯ ವಿಧಿ. ಸಂಸತ್ತು ಮತ್ತು ವಿಧಾನಸಭೆ ಎರಡರಲ್ಲೂ ಏಕಕಾಲಕ್ಕೆ ಸದಸ್ಯನಾಗಿರುವಂತಿಲ್ಲ ಎನ್ನುತ್ತದೆ 101ನೆಯ ವಿಧಿ. ಗಮಾಂಗ್ ಇನ್ನೂ ವಿಧಾನಸಭೆಗೆ ಆರಿಸಿ ಬಂದಿರಲಿಲ್ಲವಾದ್ದರಿಂದ ಎರಡು ದೋಣಿಯಲ್ಲಿ ಕಾಲಿಟ್ಟಿದ್ದರೂ ಎರಡನೆಯ ನಿಯಮ ಅವರನ್ನು ಮುಟ್ಟಲಿಲ್ಲ. ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಮತ ಹಾಕುವ ವಿಷಯವನ್ನು ಅವರ ವಿವೇಚನೆಗೇ ಬಿಟ್ಟರು. ಅವರು ಹಾಕಿದರು.

ಗಮಾಂಗ್ ಮನೆಯಲ್ಲೇ ಉಳಿದಿದ್ದರೆ ಏನಾಗುತ್ತಿತ್ತು? 269ಕ್ಕೆ 269. ಸಮಬಲವಾದಾಗ ಮಾತ್ರ ಸ್ಪೀಕರ್‌ಗೆ ನಿರ್ಣಾಯಕ ಮತವಿದೆ. ಬಾಲಯೋಗಿ ಬಂದದ್ದು ಸರ್ಕಾರವನ್ನು ಬೆಂಬಲಿಸುತ್ತಿದ್ದ ತೆಲುಗು ದೇಶಂನಿಂದ. ಇನ್ನೊಂದು ದಾರಿಯೂ ಇತ್ತು. ನ್ಯಾಷನಲ್ ಕಾನ್ಫರೆನ್ಸ್‌ನ ಸೈಫುದ್ದೀನ್ ಸೋಜ್ ತಮ್ಮ ಪಕ್ಷದ ಮಾತು ಮೀರಿ ಸರ್ಕಾರದ ವಿರುದ್ಧ ಮತ ಹಾಕಿದ್ದರು. ಪಕ್ಷ ಅವರನ್ನು ಹೊರಗಟ್ಟಿತು. ಅವರೊಬ್ಬರೇ ಪಕ್ಷದ ಮಾತು ಕೇಳಿದ್ದರೂ ಫಲಿತಾಂಶ ತಿರುವುಮುರುವಾಗುತ್ತಿತ್ತು. ತಟಸ್ಥವಾಗಿರುತ್ತದೆ ಎಂದು ಸರ್ಕಾರ ನಂಬಿಕೊಂಡಿದ್ದ ಬಹುಜನ ಸಮಾಜ ಪಕ್ಷದ ಐವರು ಕೊನೆಯ ಗಳಿಗೆಯಲ್ಲಿ ವಿರುದ್ಧ ಮತ ಹಾಕಿದರು. ಆದ್ದರಿಂದ ‘ಗಮಾಂಗ್ ಬೀಳಿಸಿದ ಸರ್ಕಾರ’ ಎನ್ನುವುದು ಹೇಳಲು ಚೆನ್ನಾಗಿದೆ, ಅಷ್ಟೆ. ಒಂದು ಮತದ ಅಂತರದಲ್ಲಿ ಪ್ರತಿಯೊಂದು ಮತವೂ ‘ಆ ಒಂದು’ ಮತವೇ.

ಬಿದ್ದ ಮೇಲೆ ಬದಲಿ ಸರ್ಕಾರವೂ ಆಗಲಿಲ್ಲ. 272 ಸದಸ್ಯರ ಬೆಂಬಲವಿದೆ ಎಂದು ಸೋನಿಯಾ ಗಾಂಧಿ ಹೇಳಿಕೊಂಡರು, ಮುಲಾಯಂ ಸಿಂಗ್ ಯಾದವ್ ಕೈಕೊಟ್ಟರು. ಏಪ್ರಿಲ್ 26ರಂದು ಲೋಕಸಭೆ ವಿಸರ್ಜನೆಯಾಯಿತು. ಮಳೆಗಾಲ ಅಡ್ಡ ಬರುವುದರಿಂದ ಚುನಾವಣೆ ಸೆಪ್ಟೆಂಬರ್–ಅಕ್ಟೋಬರ್‌ಗೆ ಹೋಯಿತು. ಅಲ್ಲಿಯವರೆಗೆ ಸೋತ ಸರ್ಕಾರವೇ ಉಸ್ತುವಾರಿ ಸರ್ಕಾರ. ಇಂಥ ಸರ್ಕಾರ ದೊಡ್ಡ ತೀರ್ಮಾನಗಳನ್ನು ಕೈಗೊಳ್ಳಬಾರದು ಎನ್ನುವುದು ರೂಢಿಯೇ ಹೊರತು ಸಂವಿಧಾನದಲ್ಲಿ ಬರೆದಿಟ್ಟ ನಿಯಮವಲ್ಲ. ಆ ರೂಢಿಯ ಬಗ್ಗೆ ತಲೆಕೆಡಿಸಿಕೊಳ್ಳಲು ಯಾರಿಗೂ ಹೊತ್ತು ಸಿಗಲಿಲ್ಲ. ವಿಸರ್ಜನೆಯಾಗಿ ಒಂದು ವಾರ ಕಳೆಯುವಷ್ಟರಲ್ಲಿ ಕಾರ್ಗಿಲ್‌ನ ಕುರಿಗಾಹಿಗಳು ಬೆಟ್ಟದ ಮೇಲೆ ಅಪರಿಚಿತರನ್ನು ಕಂಡ ಸುದ್ದಿ ತಂದರು.

ಗೆರೆ ದಾಟದ ಯುದ್ಧ

ಫೆಬ್ರವರಿ 20ರಂದು ವಾಜಪೇಯಿ ಬಸ್ಸಿನಲ್ಲಿ ಲಾಹೋರ್‌ಗೆ ಹೋಗಿ ನವಾಜ್ ಷರೀಫ್ ಅವರನ್ನು ಅಪ್ಪಿಕೊಂಡಿದ್ದರು. ಬೇಸಿಗೆ ಮುಗಿಯುವ ಮೊದಲೇ ಯುದ್ಧ. ಇದು ಹೇಗಾಯಿತು ಎಂದು ತಿಳಿಯಲು ಚಳಿಗಾಲದ ಒಂದು ಅಲಿಖಿತ ಒಪ್ಪಂದವನ್ನು ತಿಳಿಯಬೇಕು. ಹದಿನಾರು, ಹದಿನೇಳು ಸಾವಿರ ಅಡಿ ಎತ್ತರದ ಆ ಶಿಖರಗಳಲ್ಲಿ ಹಿಮ ಬೀಳತೊಡಗಿದರೆ ಎರಡೂ ದೇಶಗಳ ಸೈನಿಕರು ಹಲವು ಠಾಣೆಗಳನ್ನು ತೆರವು ಮಾಡಿ ಕೆಳಗಿಳಿಯುತ್ತಿದ್ದರು, ಹಿಮ ಕರಗಿದ ಮೇಲೆ ಮತ್ತೆ ಏರುತ್ತಿದ್ದರು. ಆ ಚಳಿಗಾಲದಲ್ಲಿ ಪಾಕಿಸ್ತಾನದ ಸೈನಿಕರು ನಿಯಂತ್ರಣ ರೇಖೆ ದಾಟಿ ನಮ್ಮ ಕಡೆಯ ಖಾಲಿ ಶಿಖರಗಳಲ್ಲಿ ಕುಳಿತುಬಿಟ್ಟರು. ಅಲ್ಲಿಂದ ನೋಡಿದರೆ ಕೆಳಗೆ ಶ್ರೀನಗರ–ಲೇಹ್ ಹೆದ್ದಾರಿ. ಲಡಾಖ್‌ಗೆ ಸಾಮಾನು ಸಾಗಿಸುವ ರಸ್ತೆಗೆ ನೇರವಾಗಿ ಗುಂಡು ಹೊಡೆಯಬಹುದಾದ ಜಾಗ.

ಭಾರತ ಮಾಡಿಕೊಂಡ ಮುಖ್ಯ ತೀರ್ಮಾನ, ಏನೇ ಆದರೂ ನಿಯಂತ್ರಣ ರೇಖೆಯನ್ನು ದಾಟಬಾರದು ಎಂಬುದು. ಎರಡೂ ದೇಶಗಳು ಹಿಂದಿನ ವರ್ಷದ ಮೇ ತಿಂಗಳಲ್ಲಷ್ಟೇ ಅಣುಬಾಂಬು ಪರೀಕ್ಷೆ ನಡೆಸಿದ್ದವು. ಜಗತ್ತಿನ ಕಣ್ಣಿಗೆ ಗೆರೆ ದಾಟಿದವನೇ ತಪ್ಪಿತಸ್ಥ. ರಾಜತಾಂತ್ರಿಕವಾಗಿ ಈ ತೀರ್ಮಾನ ಫಲ ಕೊಟ್ಟಿತು, ಅದರ ಬೆಲೆ ತೆತ್ತವರು ಸೈನಿಕರು. ಶತ್ರುವಿನ ಹಿಂದಿನಿಂದ ಹೋಗಿ ಸರಬರಾಜು ಕತ್ತರಿಸುವ ದಾರಿ ಮುಚ್ಚಿದ್ದರಿಂದ ಮುಂದಿನಿಂದಲೇ, ಕೆಳಗಿನಿಂದ ಮೇಲಕ್ಕೆ, ಬಹುಮಟ್ಟಿಗೆ ರಾತ್ರಿಯ ಹೊತ್ತು ಬಂಡೆ ಹತ್ತಬೇಕಾಯಿತು. ತೊಲೊಲಿಂಗ್, ಟೈಗರ್ ಹಿಲ್ ಎಂಬ ಹೆಸರುಗಳು ಮನೆಮಾತಾದದ್ದು ಹಾಗೆ. ಜುಲೈ 26ರಂದು ಕಾರ್ಯಾಚರಣೆ ಮುಗಿಯುವ ಹೊತ್ತಿಗೆ ಮಡಿದ ಭಾರತೀಯ ಯೋಧರ ಸಂಖ್ಯೆ ಐನೂರು ದಾಟಿತ್ತು.

ಹಿಂದಿನ ಯುದ್ಧಗಳಲ್ಲಿ ಮಡಿದವರ ಅಂತ್ಯಕ್ರಿಯೆ ಬಹುತೇಕ ರಣರಂಗದ ಆಸುಪಾಸಿನಲ್ಲೇ ನಡೆಯುತ್ತಿತ್ತು, ಊರಿಗೆ ತಂತಿ ಬರುತ್ತಿತ್ತು. ಈ ಬಾರಿ ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬಂದವು. ಶಾಲೆಯ ಮಕ್ಕಳು ಸಾಲುಗಟ್ಟಿ ನಿಂತರು, ತಾಲ್ಲೂಕು ಕೇಂದ್ರಗಳಲ್ಲಿ ನಿಧಿ ಸಂಗ್ರಹದ ಡಬ್ಬಿಗಳು ಓಡಾಡಿದವು. ಖಾಸಗಿ ವಾಹಿನಿಗಳ ಕ್ಯಾಮೆರಾಗಳು ಫಿರಂಗಿಗಳ ಪಕ್ಕದಲ್ಲೇ ನಿಂತವು. ಕನ್ನಡದಲ್ಲಿ ದಿನವಿಡೀ ಸುದ್ದಿ ಹೇಳುವ ವಾಹಿನಿ ಆಗ ಇರಲಿಲ್ಲ. ದೂರದರ್ಶನದ ವಾರ್ತೆ, ಉದಯ ಟಿವಿಯ ಸುದ್ದಿ, ಆಕಾಶವಾಣಿಯ ಪ್ರದೇಶ ಸಮಾಚಾರ, ಮರುದಿನದ ಪತ್ರಿಕೆ, ಇಷ್ಟೇ. ಈಗಿನ ಕಿರುಚಾಟದ ಮುಂದೆ ಅದು ಸಭ್ಯವಾಗಿ ಕಂಡರೆ ಆಶ್ಚರ್ಯವಿಲ್ಲ. ಹಾಗೆಂದು ಅದು ಪೂರ್ತಿ ಸುದ್ದಿಯಾಗಿರಲಿಲ್ಲ. ಪಾಕಿಸ್ತಾನ ಟಿವಿಯನ್ನು ಕೇಬಲ್‌ನಲ್ಲಿ ತೋರಿಸದಂತೆ ಸರ್ಕಾರ ನಿಷೇಧಿಸಿತ್ತು.

ಇದರ ನಡುವೆಯೇ ಇಂಗ್ಲೆಂಡ್‌ನಲ್ಲಿ ವಿಶ್ವಕಪ್ ನಡೆಯಿತು. ಮೇ 26ರ ಬೆಳಿಗ್ಗೆ ವಾಯುಪಡೆ ಕಾರ್ಗಿಲ್‌ನಲ್ಲಿ ದಾಳಿ ಆರಂಭಿಸಿತು. ಅದೇ ದಿನ ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ ರಾಹುಲ್ ದ್ರಾವಿಡ್ 145, ಸೌರವ್ ಗಂಗೂಲಿ 183, ಇಬ್ಬರೂ ಸೇರಿ 318 ರನ್‌ಗಳ ಜೊತೆಯಾಟ. ಜೂನ್ 8ರಂದು ಮ್ಯಾಂಚೆಸ್ಟರ್‌ನಲ್ಲಿ ಭಾರತ–ಪಾಕಿಸ್ತಾನ. ಭಾರತ ಗೆದ್ದದ್ದು 47 ರನ್‌ಗಳಿಂದ. ಬಿದ್ದ ಹತ್ತು ವಿಕೆಟ್‌ಗಳಲ್ಲಿ ವೆಂಕಟೇಶ್ ಪ್ರಸಾದ್‌ಗೆ ಐದು, ಜಾವಗಲ್ ಶ್ರೀನಾಥ್‌ಗೆ ಮೂರು, ಅನಿಲ್ ಕುಂಬ್ಳೆಗೆ ಎರಡು. ಹತ್ತಕ್ಕೆ ಹತ್ತೂ ಕರ್ನಾಟಕದ ಖಾತೆಗೆ! ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಒಬ್ಬರೇ 74 ರನ್ ಕೊಟ್ಟು ಹತ್ತೂ ವಿಕೆಟ್ ಕಿತ್ತಿದ್ದರು. ಒಂಬತ್ತಾದ ಮೇಲೆ ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕೆಂದೇ ವಿಕೆಟ್‌ನಿಂದ ದೂರ ದೂರ ಎಸೆದರು. ಕರ್ನಾಟಕದ ಕ್ರಿಕೆಟ್‌ಗೆ ಅದಕ್ಕಿಂತ ದೊಡ್ಡ ವರ್ಷ ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತದ ತೀರ್ಪು.

ಬಳ್ಳಾರಿಗೆ ಬಂದ ದೆಹಲಿ

ಲೋಕಸಭೆಗೆ ಚುನಾವಣೆ ಬಂತು ಸರಿ, ಕರ್ನಾಟಕದ ವಿಧಾನಸಭೆಗೂ ಜೊತೆಗೇ ಏಕೆ ಬಂತು? ವಿಧಾನಸಭೆಯ ಅವಧಿ ವರ್ಷದ ಕೊನೆಗೆ ಮುಗಿಯುವುದಿತ್ತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಜುಲೈನಲ್ಲೇ ಅದನ್ನು ವಿಸರ್ಜಿಸಿ ಎರಡನ್ನೂ ಒಟ್ಟಿಗೆ ಎದುರಿಸಲು ಹೊರಟರು. ಅಷ್ಟರಲ್ಲಿ ಜನತಾದಳ ಮತ್ತೊಮ್ಮೆ ಒಡೆಯಿತು. ಪಟೇಲರು, ರಾಮಕೃಷ್ಣ ಹೆಗಡೆ ಸಂಯುಕ್ತ ಜನತಾದಳವಾಗಿ ಬಿಜೆಪಿಯ ಕೈಹಿಡಿದರು, ಎಚ್.ಡಿ. ದೇವೇಗೌಡರು ಜಾತ್ಯತೀತ ಜನತಾದಳ ಕಟ್ಟಿದರು. ಚಕ್ರದ ಚಿಹ್ನೆಯನ್ನು ಚುನಾವಣಾ ಆಯೋಗ ಯಾರಿಗೂ ಕೊಡದೆ ತಡೆಹಿಡಿಯಿತು. ಹೆಚ್ಚು ಮತ ಬಂದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಎದುರಾಳಿಗಳು ಹೋಳಾದರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಿಲ್ಲ. 224ರಲ್ಲಿ ಕಾಂಗ್ರೆಸ್‌ಗೆ 132, ಬಿಜೆಪಿಗೆ 44, ಸಂಯುಕ್ತ ದಳಕ್ಕೆ 18, ಜಾತ್ಯತೀತ ದಳಕ್ಕೆ 10. ಅಕ್ಟೋಬರ್ 11ರಂದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು.

ಇಷ್ಟನ್ನೆಲ್ಲ ಮರೆತವರಿಗೂ ಬಳ್ಳಾರಿ ನೆನಪಿದೆ. ಸೋನಿಯಾ ಗಾಂಧಿಗೆ ಅದು ಮೊದಲ ಚುನಾವಣೆ. ಅಮೇಠಿ ಇದ್ದೇ ಇತ್ತು, ಆದರೂ ಒಂದು ಭದ್ರವಾದ ಎರಡನೆಯ ಕ್ಷೇತ್ರ ಬೇಕಿತ್ತು. ಒಬ್ಬರು ಎಷ್ಟು ಕ್ಷೇತ್ರಗಳಲ್ಲಿ ಬೇಕಾದರೂ ನಿಲ್ಲಬಹುದಾಗಿದ್ದ ಕಾಲ 1996ಕ್ಕೆ ಮುಗಿದಿತ್ತು. ಕಾನೂನು ತಿದ್ದುಪಡಿಯಾಗಿ ಎರಡಕ್ಕೆ ಮಿತಿ ಬಿದ್ದಿತ್ತು. ಹಾಗಾಗಿ ಎರಡನೆಯದನ್ನು ಅಳೆದು ತೂಗಿ ಆರಿಸಬೇಕು. ಬಳ್ಳಾರಿ ಮೊದಲ ಚುನಾವಣೆಯಿಂದಲೂ ಕಾಂಗ್ರೆಸ್ಸನ್ನು ಬಿಟ್ಟುಕೊಟ್ಟಿರಲಿಲ್ಲ. ಸೋತ ಇಂದಿರಾ ಗಾಂಧಿಯನ್ನು 1978ರಲ್ಲಿ ಮತ್ತೆ ಲೋಕಸಭೆಗೆ ಕಳಿಸಿದ ಚಿಕ್ಕಮಗಳೂರೂ ಇದೇ ರಾಜ್ಯದ್ದು. ಕ್ಷೇತ್ರದ ಗುಟ್ಟನ್ನು ಕೊನೆಯವರೆಗೂ ಕಾಯ್ದುಕೊಂಡು ಆಗಸ್ಟ್ 18ರಂದು ಅವರು ಬಳ್ಳಾರಿಗೆ ಬಂದು ನಾಮಪತ್ರ ಸಲ್ಲಿಸಿದರೆ, ಬಿಜೆಪಿ ಅದೇ ದಿನ ಸುಷ್ಮಾ ಸ್ವರಾಜ್ ಅವರನ್ನು ಇಳಿಸಿತು.

ಹರಿಯಾಣದ ಹೆಣ್ಣುಮಗಳೊಬ್ಬರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಬಳ್ಳಾರಿಯ ಬೀದಿಗಳಲ್ಲಿ ಭಾಷಣ ಮಾಡಿದ್ದು ಆ ಚುನಾವಣೆಯ ನಿಜವಾದ ಸುದ್ದಿ. ಸ್ವದೇಶಿ–ವಿದೇಶಿ ಎಂಬ ಘೋಷಣೆ ಹಳಸಿತು, ಆ ಕನ್ನಡ ಉಳಿಯಿತು. ನಮ್ಮಲ್ಲಿ ಮೂವತ್ತು ವರ್ಷ ಬಾಳಿಯೂ ‘ಕನ್ನಡ ಗೊತ್ತಿಲ್ಲ’ ಎನ್ನುವವರನ್ನು ದಿನವೂ ನೋಡುವ ನಮಗೆ ಅದು ಮರೆಯುವ ಮಾತಲ್ಲ. ಫಲಿತಾಂಶದಲ್ಲಿ ಸೋನಿಯಾ 56 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಮೇಠಿಯಲ್ಲೂ ಗೆದ್ದರು. ಎರಡು ಕಡೆ ಗೆದ್ದವರು ಒಂದನ್ನು ಬಿಡಲೇಬೇಕು. ಅವರು ಬಳ್ಳಾರಿಯನ್ನು ಬಿಟ್ಟರು. ಮರುವರ್ಷ ಅಲ್ಲಿ ಉಪಚುನಾವಣೆ ನಡೆಯಿತು.

ಎರಡು ಸೆಕೆಂಡಿಗೊಂದು ಪಲ್ಸ್

ಇನ್ನು ದಿನನಿತ್ಯದ ಬದುಕು. ಆ ವರ್ಷವನ್ನು ಒಂದೇ ವಸ್ತುವಿನಲ್ಲಿ ತೋರಿಸು ಎಂದರೆ ನಾನು ತೋರಿಸುವುದು ದೂರದ ಊರುಗಳಿಗೆ ಕರೆ ಮಾಡುವ ಎಸ್‌ಟಿಡಿ ಬೂತಿನೊಳಗಿನ ಮೀಟರನ್ನು. ಹಳದಿ ಬಣ್ಣದ ಫಲಕ, ಒಬ್ಬರು ನಿಂತರೆ ತುಂಬಿಹೋಗುವ ಗಾಜಿನ ಗೂಡು, ಬೆವರು, ಹಲವರ ಬಾಯಿ ತಾಗಿ ಮಾಸಿದ ರಿಸೀವರ್, ಕಣ್ಣೆದುರಿಗೇ ಕೆಂಪು ಅಂಕಿಗಳು. ಮಾತು ಶುರುವಾದೊಡನೆ ಆ ಅಂಕಿಗಳು ಏರತೊಡಗುತ್ತಿದ್ದವು. “ಚಿಕ್ಕಪ್ಪಾ, ಹಲೋ, ನಾನು ಕ್ಷೇಮ, ದುಡ್ಡು ತಲುಪಿದೆ, ಅಮ್ಮನಿಗೆ ಹೇಳಿ, ಇಡುತ್ತೇನೆ!” ಎಂದು ಒಂದೇ ಉಸಿರಿಗೆ ಕೂಗಿ ಇಟ್ಟರೂ ಮೀಟರ್ ತನ್ನ ಪಾಲನ್ನು ಎತ್ತಿಕೊಂಡಿರುತ್ತಿತ್ತು. ಹೊರಗೆ ಬಂದರೆ ಕಿರ್ರೆಂದು ಮುದ್ರಣವಾಗುತ್ತಿದ್ದ ಪುಟ್ಟ ಬಿಲ್ಲು, ಚಿಲ್ಲರೆ ಇಲ್ಲದಿದ್ದರೆ ಚಾಕಲೇಟು.

ಆ ಮೀಟರ್ ನಿಮಿಷ ಎಣಿಸುತ್ತಿರಲಿಲ್ಲ, ಪಲ್ಸ್ ಎಣಿಸುತ್ತಿತ್ತು. ಎಕ್ಸ್‌ಚೇಂಜ್‌ನಿಂದ ತಂತಿಯಲ್ಲಿ ಬರುವ ಒಂದೊಂದು ಸಂಕೇತಕ್ಕೂ ಒಂದೊಂದು ಯೂನಿಟ್. ಒಂದು ಯೂನಿಟ್‌ನ ಬೆಲೆ ಒಂದೂಕಾಲು ರೂಪಾಯಿಯ ಆಸುಪಾಸು, ಎಲ್ಲಿಗೆ ಮಾತಾಡಿದರೂ ಅಷ್ಟೇ. ಬದಲಾಗುತ್ತಿದ್ದುದು ಎರಡು ಪಲ್ಸ್‌ಗಳ ನಡುವಿನ ಅಂತರ. ಊರೊಳಗಿನ ಕರೆಯಾದರೆ ಮೂರು ನಿಮಿಷಕ್ಕೊಂದು. ದೂರ ಹೆಚ್ಚಿದಂತೆ ಅಂತರ ಕುಗ್ಗುತ್ತ ಹೋಗಿ, ಸಾವಿರ ಕಿಲೋಮೀಟರಿಗೂ ಆಚೆಯ ಊರಿಗೆ ಹಗಲಿನ ಹೊತ್ತು ಎರಡು ಸೆಕೆಂಡಿಗೊಂದು. ಬೆಂಗಳೂರಿನಿಂದ ದೆಹಲಿಗೆ ಒಂದು ನಿಮಿಷ ಮಾತಾಡಿದರೆ ಮೂವತ್ತು ಪಲ್ಸ್, ಅಂದರೆ ಮೂವತ್ತೇಳು ರೂಪಾಯಿಯ ಮೇಲೆ. ‘ಹಲೋ, ಹಲೋ, ಕೇಳಿಸುತ್ತಿದೆಯಾ’ ಎಂಬಷ್ಟಕ್ಕೇ ಎರಡು ಮೂರು ರೂಪಾಯಿ.

ರಾತ್ರಿ ಊಟವಾದ ಮೇಲೆ ಬೂತಿನ ಮುಂದೆ ಸಾಲು ಹತ್ತುತ್ತಿದ್ದುದಕ್ಕೂ ಇದೇ ಕಾರಣ. ಸಂಜೆ ಕಳೆದಂತೆ ದರ ಅರ್ಧವಾಗಿ, ಆಮೇಲೆ ಮೂರರಲ್ಲೊಂದಾಗಿ, ತಡರಾತ್ರಿಗೆ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಹಗಲು ಕಚೇರಿಗಳ ಕರೆಗಳಿಂದ ತುಂಬಿ, ರಾತ್ರಿ ಖಾಲಿ ಬೀಳುವ ತಂತಿಗಳಿಗೆ ಜನರನ್ನು ಸೆಳೆಯುವ ಉಪಾಯ ಅದು. ಹಾಸ್ಟೆಲಿನ ಹುಡುಗರು, ಹೊಸದಾಗಿ ಮದುವೆಯಾಗಿ ದೂರ ಇದ್ದವರು, ಮಗನನ್ನು ಮುಂಬಯಿಗೆ ಕಳಿಸಿದ ತಾಯಂದಿರು ಎಲ್ಲರೂ ಕಾಲು ದರದ ಹೊತ್ತಿಗೆ ಕಾದು ಕೂರುತ್ತಿದ್ದರು. ದುಡ್ಡೇ ಕೊಡದ ದಾರಿಯೂ ಒಂದಿತ್ತು. ಊರು ತಲುಪಿದವರು ಎರಡು ರಿಂಗ್ ಕೊಟ್ಟು ಇಟ್ಟುಬಿಡುವುದು. ಆ ಕಡೆಯವರು ಎತ್ತುವುದಿಲ್ಲ, ‘ಸುಖವಾಗಿ ಮುಟ್ಟಿದ’ ಎಂದು ತಿಳಿದು ಮಲಗುತ್ತಾರೆ. ಕರೆಗೆ ಉತ್ತರ ಬಂದ ಮೇಲೆಯೇ ಪಲ್ಸ್ ಓಡುವುದೆಂಬ ತಾಂತ್ರಿಕ ಸತ್ಯವನ್ನು ದೇಶದ ಅಜ್ಜಿಯರೆಲ್ಲ ತಿಳಿದಿದ್ದರು.

ದೂರದ ಕರೆ ಅಷ್ಟು ದುಬಾರಿ ಏಕಿತ್ತು? ತಂತಿ ಎಳೆಯುವ ಖರ್ಚು ಎಂದು ಎಲ್ಲರೂ ನಂಬಿದ್ದರು. ಅದು ಅರ್ಧ ಸತ್ಯ. ದೂರಸಂಪರ್ಕ ಇಲಾಖೆ ಮನೆಯ ಫೋನಿನ ಬಾಡಿಗೆಯನ್ನೂ ಸ್ಥಳೀಯ ಕರೆಯನ್ನೂ ಖರ್ಚಿಗಿಂತ ಕಡಿಮೆ ದರದಲ್ಲಿ ಕೊಡುತ್ತಿತ್ತು. ಆ ನಷ್ಟವನ್ನು ಎಸ್‌ಟಿಡಿ, ಐಎಸ್‌ಡಿ (ಹೊರದೇಶದ ಕರೆ) ಮಾಡುವವರಿಂದ ವಸೂಲು ಮಾಡುತ್ತಿತ್ತು. ಫೋನ್ ಇದ್ದವರಿಗೆ ಅಗ್ಗದ ಬಾಡಿಗೆ, ಫೋನ್ ಇಲ್ಲದೆ ಬೂತಿಗೆ ಬರುವ ಬಡವನಿಗೆ ದುಬಾರಿ ಕರೆ! ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವ ಯೋಜನೆ ಎಂದು ಇದನ್ನು ಸಮರ್ಥಿಸುತ್ತಿದ್ದವರು ಬೂತಿನ ಸಾಲಿನಲ್ಲಿ ಒಮ್ಮೆ ನಿಂತು ನೋಡಬೇಕಿತ್ತು. 1997ರಲ್ಲಿ ಹುಟ್ಟಿದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 1999ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶ ಈ ಲೆಕ್ಕಕ್ಕೆ ಕೈಹಾಕಿತು. ದೂರದ ಕರೆಯ ದರ ನಿಮಿಷಕ್ಕೆ ಮೂವತ್ತು ರೂಪಾಯಿಯ ಹತ್ತಿರಕ್ಕೆ ಇಳಿಯಿತು. ಇಳಿಕೆ ಸಣ್ಣದು, ಆದರೆ ದಿಕ್ಕು ಬದಲಾಗಿತ್ತು.

ಹಳ್ಳಿಗೆ ಎಸ್‌ಟಿಡಿ ಬಂದ ಕಥೆಯಲ್ಲಿ ಕಿತ್ತೂರಿಗೆ ಒಂದು ಜಾಗವಿದೆ. ಧೂಳು, ಸೆಕೆ ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯುವ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿತು. 128 ತಂತಿಗಳ ಆ ಮೊದಲ ಯಂತ್ರ 1986ರಲ್ಲಿ ಕೆಲಸ ಆರಂಭಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. 1999ರ ಹೊತ್ತಿಗೆ ಅಂಥವು ದೇಶದ ತುಂಬ ಇದ್ದವು. ಹಾಗಿದ್ದರೂ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ತಪ್ಪಿರಲಿಲ್ಲ. ‘2002ರೊಳಗೆ ಕೇಳಿದವರಿಗೆಲ್ಲ ಫೋನ್’ ಎಂದು ಆ ವರ್ಷದ ಹೊಸ ದೂರಸಂಪರ್ಕ ನೀತಿ ಭರವಸೆ ಕೊಟ್ಟಿತು ಎಂದರೆ, ಕೇಳಿದರೆ ಸಿಗುತ್ತಿರಲಿಲ್ಲ ಎಂದೇ ಅರ್ಥ.

ಅದೇ ನೀತಿ ಮೊಬೈಲನ್ನೂ ಬದುಕಿಸಿತು. ಖಾಸಗಿ ಕಂಪನಿಗಳು ಪರವಾನಗಿಗಾಗಿ ಹಿಂದೆಮುಂದೆ ನೋಡದೆ ಭಾರಿ ಮೊತ್ತದ ಹರಾಜು ಕೂಗಿ, ವರ್ಷ ವರ್ಷವೂ ಕಟ್ಟಬೇಕಾದ ಶುಲ್ಕಕ್ಕೆ ಸಿಕ್ಕಿ ಮುಳುಗುತ್ತಿದ್ದವು. ಶುಲ್ಕದ ಭಾರವೆಲ್ಲ ಗ್ರಾಹಕನ ತಲೆಗೆ. ಇಡೀ ದೇಶದಲ್ಲಿ ಆಗ ಮೊಬೈಲ್ ಇಟ್ಟುಕೊಂಡಿದ್ದವರು ಹತ್ತು–ಹನ್ನೆರಡು ಲಕ್ಷದಷ್ಟು ಮಂದಿ ಮಾತ್ರ. ಕರೆ ಮಾಡಿದರೂ ದುಡ್ಡು, ಬಂದ ಕರೆ ಎತ್ತಿದರೂ ದುಡ್ಡು. ಆದ್ದರಿಂದ ಮೊಬೈಲ್ ಇದ್ದವರು ಪರದೆಯ ಮೇಲೆ ನಂಬರ್ ನೋಡಿ, ಕರೆ ಕತ್ತರಿಸಿ, ಹತ್ತಿರದ ಬೂತಿಗೆ ಓಡುತ್ತಿದ್ದರು. ಹೊಸ ನೀತಿ ನಿಗದಿತ ಶುಲ್ಕವನ್ನು ಕೈಬಿಟ್ಟು, ಗಳಿಸಿದ್ದರಲ್ಲಿ ಸರ್ಕಾರಕ್ಕೆ ಇಷ್ಟು ಪಾಲು ಎಂದು ಮಾಡಿತು. ಹೆಚ್ಚು ಜನರಿಗೆ ಅಗ್ಗವಾಗಿ ಮಾರಿದರೂ ಉಳಿಯುತ್ತದೆ ಎಂಬ ಲೆಕ್ಕ ಕಂಪನಿಗಳಿಗೆ ಹೊಂದಿದ್ದು ಅಲ್ಲಿಂದ. ಒಳಬರುವ ಕರೆ ಪುಕ್ಕಟೆಯಾಗಲು 2003 ಬರಬೇಕಾಯಿತು. ಆಮೇಲೆ ಹಳದಿ ಫಲಕಗಳು ಒಂದೊಂದಾಗಿ ಜೆರಾಕ್ಸ್, ರೀಚಾರ್ಜ್ ಅಂಗಡಿಗಳಾದವು.

ಇಂಟರ್ನೆಟ್ ಕೂಡ ಇದೇ ತಂತಿಯಲ್ಲಿ ಬರುತ್ತಿತ್ತು. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ ಮುಗಿದು ಖಾಸಗಿಯವರಿಗೆ ಬಾಗಿಲು ತೆರೆದದ್ದು 1998ರ ಕೊನೆಯಲ್ಲಿ. ಮೋಡೆಮ್ ಕಿರುಚಿ ಸಂಪರ್ಕ ಸಿಕ್ಕಿದರೆ ಮನೆಯ ಫೋನ್ ಬಂದ್. ಕನ್ನಡದಲ್ಲಿ ಬರೆಯಲು ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಿಂದ ಸಿಗುತ್ತಿತ್ತು, ಆದರೆ ಒಂದೊಂದು ತಂತ್ರಾಂಶದ ಫಾಂಟಿಗೂ ಒಂದೊಂದು ಸಂಕೇತ. ನೀವು ಬಳಸಿದ ಫಾಂಟ್ ಅಮೆರಿಕದಲ್ಲಿರುವ ತಮ್ಮನ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅವನಿಗೆ ಕಾಣುವುದು ಚಿತ್ರವಿಚಿತ್ರ ಚಿಹ್ನೆಗಳು. ಅದಕ್ಕೇ ಬಹುತೇಕರು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಕುಟ್ಟುತ್ತಿದ್ದರು. ಆ ಚಾಳಿ ಇನ್ನೂ ಹೋಗಿಲ್ಲ.

ಎರಡು ಅಂಕಿ ಉಳಿಸಿದ್ದರ ಬೆಲೆ

ವರ್ಷದ ಕೊನೆ ದುಃಖದ್ದು. ಅಕ್ಟೋಬರ್ 29ರಂದು ಒಡಿಶಾದ ಕರಾವಳಿಗೆ ಅಪ್ಪಳಿಸಿದ ಮಹಾ ಚಂಡಮಾರುತಕ್ಕೆ ಸಾವಿರಾರು ಜನ ಬಲಿಯಾದರು. ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಕಂದಹಾರ್‌ಗೆ ಒಯ್ದರು. ಮೂವರು ಉಗ್ರರನ್ನು ಬಿಟ್ಟು ಪ್ರಯಾಣಿಕರನ್ನು ಬಿಡಿಸಿಕೊಂಡದ್ದು ಡಿಸೆಂಬರ್ 31ರಂದು. ಅದೇ ರಾತ್ರಿ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ದೀಪ ಆರಿರಲಿಲ್ಲ, ಹೊಸ ವರ್ಷದ ಪಾರ್ಟಿಗಾಗಿ ಅಲ್ಲ. ಎಂಜಿನಿಯರುಗಳು ಪರದೆಯ ಮುಂದೆ ಪಾಳಿಯಲ್ಲಿ ಕುಳಿತು, ಗಡಿಯಾರ ಹನ್ನೆರಡು ದಾಟುವುದನ್ನು ದೇಶ ದೇಶವಾಗಿ ಕಾಯುತ್ತಿದ್ದರು.

ವೈಟುಕೆ ಎಂಬ ಆ ಭೂತ ಹುಟ್ಟಿದ್ದು ಜಿಪುಣತನದಿಂದ, ಅದೂ ಸಕಾರಣವಾದ ಜಿಪುಣತನದಿಂದ. ಮೊದಲ ಕಾಲದ ಕಂಪ್ಯೂಟರುಗಳಿಗೆ ಮಾಹಿತಿ ಕೊಡುತ್ತಿದ್ದುದು ರಂಧ್ರ ಕೊರೆದ ಕಾರ್ಡುಗಳಲ್ಲಿ. ಒಂದು ಕಾರ್ಡಿನಲ್ಲಿ 80 ಅಕ್ಷರಕ್ಕೆ ಮಾತ್ರ ಜಾಗ. ಸ್ಮೃತಿಕೋಶವೂ ಬಲು ತುಟ್ಟಿ. 1967 ಎಂದು ಬರೆಯುವ ಬದಲು 67 ಎಂದರೆ ಒಂದೊಂದು ದಿನಾಂಕದಲ್ಲೂ ಎರಡು ಅಂಕಿ ಉಳಿತಾಯ. ಲಕ್ಷಾಂತರ ಖಾತೆಗಳಿದ್ದ ಬ್ಯಾಂಕಿಗೆ ಅದು ಕೈತುಂಬ ಹಣ. ಕಂಪ್ಯೂಟರ್ ಕಾರ್ಯಕ್ರಮ (ಪ್ರೋಗ್ರಾಂ) ಬರೆದವರಿಗೆ ಮುಂದಿನದು ಗೊತ್ತಿರಲಿಲ್ಲವೆಂದಲ್ಲ. ತಾವು ಬರೆದದ್ದು ಮೂವತ್ತು ವರ್ಷ ಬಾಳುತ್ತದೆ ಎಂದು ಅವರು ಎಣಿಸಿರಲಿಲ್ಲ.

ಆದರೆ ಅದು ಬಾಳಿತು. ಬ್ಯಾಂಕು, ವಿಮೆ, ಪಿಂಚಣಿ, ವಿಮಾನಯಾನ ಎಲ್ಲವೂ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಆ ಹಳೆಯ ಕಾರ್ಯಕ್ರಮಗಳ ಮೇಲೆಯೇ ನಡೆಯುತ್ತಿದ್ದವು. 1995ರಲ್ಲಿ ಕೊಟ್ಟ ಸಾಲ 2000ದಲ್ಲಿ ತೀರಬೇಕು ಎಂದಿಟ್ಟುಕೊಳ್ಳಿ. ಯಂತ್ರ 00ಯಿಂದ 95 ಕಳೆಯುತ್ತದೆ. ಸಾಲದ ಅವಧಿ ಮೈನಸ್ 95 ವರ್ಷ! ಬಡ್ಡಿಯನ್ನು ಬ್ಯಾಂಕೇ ನಿಮಗೆ ಕೊಡಬೇಕೋ, ಕಾರ್ಯಕ್ರಮ ಅಲ್ಲೇ ಕುಸಿಯುತ್ತದೆಯೋ ಹೇಳುವಂತಿಲ್ಲ. ಇದರ ಜೊತೆಗೆ ಅಧಿಕ ವರ್ಷದ ತೊಡಕು. ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಲ್ಲ, ಆದರೆ ನಾನೂರರಿಂದಲೂ ಭಾಗವಾದರೆ ಹೌದು. 2000 ಹೌದು ಎನ್ನುವ ಗುಂಪಿನದು. ಮೊದಲ ನಿಯಮವನ್ನಷ್ಟೇ ಓದಿಕೊಂಡಿದ್ದವರ ಕಾರ್ಯಕ್ರಮಗಳಲ್ಲಿ ಫೆಬ್ರವರಿ 29 ಇರಲೇ ಇಲ್ಲ.

ರಿಪೇರಿಗೆ ಎರಡು ದಾರಿ. ಎಲ್ಲ ದಿನಾಂಕಗಳನ್ನೂ ನಾಲ್ಕು ಅಂಕಿಗೆ ಹಿಗ್ಗಿಸುವುದು ಸರಿಯಾದ ದಾರಿ, ದುಬಾರಿ ದಾರಿ. ಅದಕ್ಕೆ ಹಳೆಯ ಕಡತಗಳನ್ನೆಲ್ಲ ಮತ್ತೆ ಬರೆಯಬೇಕು. ಎರಡನೆಯದು ಅಗ್ಗ: ಎರಡೇ ಅಂಕಿ ಉಳಿಸಿಕೊಂಡು ಒಂದು ಗಡಿ ಹಾಕುವುದು. ಗಡಿ 20 ಎಂದಿಟ್ಟರೆ 00ಯಿಂದ 19ರವರೆಗಿನದು ಎರಡು ಸಾವಿರದ ಇಸವಿ, 20ರಿಂದ 99ರವರೆಗಿನದು ಹಿಂದಿನ ಶತಮಾನ. ಹೊತ್ತು ಮೀರುತ್ತಿದ್ದುದರಿಂದ ಬಹಳಷ್ಟು ಕಡೆ ಅಗ್ಗದ ದಾರಿಯೇ ಗೆದ್ದಿತು.

ಯಾವ ದಾರಿ ಹಿಡಿದರೂ ಯಾರೋ ಎಂದೋ ಬರೆದ ಲಕ್ಷಗಟ್ಟಲೆ ಸಾಲುಗಳನ್ನು ಒಂದೊಂದಾಗಿ ಓದಿ, ದಿನಾಂಕ ಎಲ್ಲಿ ಅಡಗಿದೆ ಎಂದು ಹುಡುಕಬೇಕು. ಅಮೆರಿಕದಲ್ಲಿ ಈ ಕೆಲಸಕ್ಕೆ ಜನ ಸಾಲಲಿಲ್ಲ. ಇದ್ದವರಿಗೆ ಹೊಸ ಇಂಟರ್ನೆಟ್ ಕಂಪನಿಗಳ ಸೆಳೆತ. ಭಾರತದಲ್ಲಿ ಜನರಿದ್ದರು. ಕೋಬಾಲ್ ಕಲಿಸುವ ಫಲಕಗಳು ದಾವಣಗೆರೆ, ಹುಬ್ಬಳ್ಳಿಯ ಮಹಡಿಗಳ ಮೇಲೂ ಕಾಣಿಸಿಕೊಂಡವು. ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನಲ್ಲೇ ಕುಳಿತು ದುಡಿಯುವ ವ್ಯವಸ್ಥೆ ಆಗಲೇ ಇತ್ತು. ಅಲ್ಲಿ ರಾತ್ರಿ ಬಿದ್ದಾಗ ಇಲ್ಲಿ ಬೆಳಗಾಗುತ್ತಿದ್ದುದರಿಂದ ಅವರ ಯಂತ್ರಗಳು ಬಿಡುವಾಗಿರುವ ಹೊತ್ತು ನಮ್ಮವರ ಕೆಲಸದ ಹೊತ್ತು. ಹೋಗಬೇಕಾದವರಿಗೂ ದಾರಿ ಅಗಲವಾಯಿತು; ಅಮೆರಿಕ ತನ್ನ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿಯನ್ನು 65,000ದಿಂದ 1,15,000ಕ್ಕೆ ಏರಿಸಿತು. ಮಾರ್ಚ್ 11ರಂದು ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಕಾಲಿಟ್ಟಿತು. ಆ ಗೌರವ ಪಡೆದ ಮೊದಲ ಭಾರತೀಯ ಕಂಪನಿ ಅದು.

ಜಾಣರು ಮಾಡಲೊಲ್ಲದ ಬೇಸರದ ಕೆಲಸವನ್ನು ಹೊತ್ತುಕೊಂಡ ಕೂಲಿ ಎಂದು ವೈಟುಕೆ ಕೆಲಸವನ್ನು ಹಗುರವಾಗಿ ಕಂಡವರಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ಅಪರಿಚಿತ ಬ್ಯಾಂಕಿನ ಒಳಗಣ್ಣಿಗೆ ಮಾತ್ರ ಕಾಣುವ ಲೆಕ್ಕಗಳನ್ನು ಸಾಲು ಸಾಲಾಗಿ ಓದಿದವರಿಗೆ ಆ ಬ್ಯಾಂಕು ಹೇಗೆ ನಡೆಯುತ್ತದೆ ಎಂಬುದು ಅಲ್ಲಿನವರಿಗಿಂತ ಚೆನ್ನಾಗಿ ತಿಳಿಯಿತು. ಮುಂದಿನ ಗುತ್ತಿಗೆಗಳು ಸಿಕ್ಕಿದ್ದರಲ್ಲಿ ಆ ಪರಿಚಯದ ಪಾಲು ದೊಡ್ಡದು.

ಸೆಪ್ಟೆಂಬರ್ 9ರಂದು, ಅಂದರೆ 9-9-99ರಂದು, ಒಂದು ಪೂರ್ವಾಭ್ಯಾಸದ ಭಯ ಬಂದು ಹೋಗಿತ್ತು. ಹಳೆಯ ಕಾರ್ಯಕ್ರಮಗಳಲ್ಲಿ 9999 ಎಂದರೆ ‘ಕಡತ ಮುಗಿಯಿತು’ ಎಂಬ ಗುರುತೂ ಆಗಿತ್ತು. ಏನೂ ಆಗಲಿಲ್ಲ. ಡಿಸೆಂಬರ್ 31ರ ರಾತ್ರಿ ಮೊದಲು ನ್ಯೂಜಿಲೆಂಡ್, ಆಮೇಲೆ ಆಸ್ಟ್ರೇಲಿಯಾ, ಜಪಾನ್, ಭಾರತ, ಯುರೋಪ್, ಕೊನೆಗೆ ಅಮೆರಿಕ. ದೀಪ ಆರಲಿಲ್ಲ, ವಿಮಾನ ಬೀಳಲಿಲ್ಲ. ಅಮೆರಿಕದ ನೌಕಾಪಡೆಯ ವೀಕ್ಷಣಾಲಯ, ಅಂದರೆ ದೇಶಕ್ಕೆಲ್ಲ ಅಧಿಕೃತ ಸಮಯ ಹೇಳುವ ಸಂಸ್ಥೆ, ತನ್ನ ಜಾಲತಾಣದಲ್ಲಿ ಆ ದಿನದ ಇಸವಿಯನ್ನು 19100 ಎಂದು ತೋರಿಸಿತು. 1900ರಿಂದ ಎಷ್ಟು ವರ್ಷವಾಯಿತೆಂದು ಎಣಿಸಿ, ಅದರ ಎಡಕ್ಕೆ 19 ಅಂಟಿಸುವ ಕಾರ್ಯಕ್ರಮಕ್ಕೆ 99ರ ನಂತರ ಬಂದದ್ದು 100.

ಏನೂ ಆಗದ್ದರಿಂದ ಅದೆಲ್ಲ ಬರೀ ಗುಲ್ಲು, ಸಾಫ್ಟ್‌ವೇರ್ ಕಂಪನಿಗಳ ದುಡ್ಡಿನ ಆಟ ಎಂದು ಮರುದಿನದಿಂದಲೇ ಮಾತು ಶುರುವಾಯಿತು. ರಿಪೇರಿ ಮಾಡಿದ ಸೇತುವೆ ಬೀಳಲಿಲ್ಲವೆಂದು ರಿಪೇರಿಯನ್ನೇ ಅನುಮಾನಿಸುವ ಮಾತು ಇದು. ಗಡಿ ಹಾಕಿದ ಅಗ್ಗದ ರಿಪೇರಿಗಳಿಗೂ ಒಂದು ಅವಧಿಯಿತ್ತು. 20ನ್ನು ಗಡಿಯಾಗಿ ಇಟ್ಟವರು, ಅಷ್ಟರಲ್ಲಿ ಈ ಯಂತ್ರಗಳನ್ನೆಲ್ಲ ಯಾರಾದರೂ ಬದಲಾಯಿಸಿರುತ್ತಾರೆ ಎಂದುಕೊಂಡಿದ್ದರು. 2020ರ ಜನವರಿ 1ರಂದು ಕೆಲವು ಹಳೆಯ ವ್ಯವಸ್ಥೆಗಳು ಆ ದಿನವನ್ನು 1920 ಎಂದು ಓದಿ ತಡವರಿಸಿದವು. 1999ರಲ್ಲಿ ಅದನ್ನು ತಿದ್ದಿದ ಹುಡುಗರು ಅಷ್ಟು ಹೊತ್ತಿಗೆ ಕಂಪನಿಗಳ ಉಪಾಧ್ಯಕ್ಷರಾಗಿದ್ದರು. ಹೊಸ ಹುಡುಗರನ್ನು ಕೂರಿಸಿ ಮತ್ತೆ ಅದೇ ಸಾಲುಗಳನ್ನು ಓದಿಸಬೇಕಾಯಿತು.